ಗೇಮ್ ಮೇಲಿನ ಹುಚ್ಚು ಇಳಿಯಿತೇ? ಕನ್ಸೋಲ್ ಮಾರುವ ಮೊದಲು ಎರಡು ವಾರ ಹೀಗೆ ಪರೀಕ್ಷಿಸಿ

ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ಕಂಪ್ಯೂಟರ್ ಹಾಕುತ್ತೀರಿ. ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ನೀವು ಕೊಂಡಿಟ್ಟ ಲೈಬ್ರರಿಯಲ್ಲಿ ನೂರೆಂಬತ್ತು ಗೇಮ್ ಇವೆ. ಮೇಲಿಂದ ಕೆಳಕ್ಕೊಂದು ಸಲ, ಕೆಳಗಿಂದ ಮೇಲಕ್ಕೊಂದು ಸಲ ಉರುಳಿಸುತ್ತೀರಿ. ಯಾವುದೋ ಒಂದನ್ನು ತೆರೆದು ಹನ್ನೆರಡು ನಿಮಿಷ ಆಡಿ ಮುಚ್ಚುತ್ತೀರಿ. ಆಮೇಲೆ ಅದೇ ಗೇಮನ್ನು ಇನ್ಯಾರೋ ಆಡುವ ವಿಡಿಯೋ ಹಾಕಿಕೊಂಡು ಮಲಗುತ್ತೀರಿ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂದು ಗಾದೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಬಹಳಷ್ಟು ಸಲ ಹಲ್ಲು ಗಟ್ಟಿಯಾಗಿಯೇ ಇರುತ್ತದೆ. ಬದಲಾಗಿರುವುದು ಕಡಲೆ, ಇಲ್ಲವೇ ಅದನ್ನು ತಿನ್ನುವ ಹೊತ್ತು.

ವರ್ಷ ಕಳೆದಂತೆ ಗೇಮ್ ಮೇಲಿನ ಆಸೆ ಇಳಿಯುತ್ತದೆಯೇ ಎಂದರೆ, ಇಳಿಯುತ್ತದೆ. ಎಲ್ಲ ಬಗೆಯ ಆಟದ ಮೇಲೂ ಒಟ್ಟಿಗೇ ಇಳಿಯುವುದು ಮಾತ್ರ ಅಪರೂಪ. ಇಳಿದದ್ದು ಯಾವುದೆಂದು ತಿಳಿಯದೆ ಕೆಲವರು ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿ ಅದೇ ಹನ್ನೆರಡು ನಿಮಿಷ ಆಡುತ್ತಾರೆ. ಇನ್ನು ಕೆಲವರು ಟಿವಿಗೆ ಜೋಡಿಸಿ ಆಡುವ ಕನ್ಸೋಲನ್ನು ಅರ್ಧ ಬೆಲೆಗೆ ಕೊಟ್ಟು ಆರು ತಿಂಗಳಿಗೆ ಮತ್ತೆ ಹುಡುಕಲು ಶುರುಮಾಡುತ್ತಾರೆ.

ಹದಿನಾಲ್ಕು ದಿನದ ಲೆಕ್ಕ

ಒಂದು ಚಿಕ್ಕ ನೋಟ್‌ಬುಕ್ ಸಾಕು. ಆಡಲು ಕೂತಾಗಲೆಲ್ಲ ನಾಲ್ಕು ವಿಷಯ ಬರೆಯಿರಿ: ಮಷಿನ್ ಆನ್ ಮಾಡಿದ ಹೊತ್ತು, ಆಟ ನಿಜಕ್ಕೂ ನಿಮ್ಮ ಕೈಗೆ ಬಂದ ಹೊತ್ತು, ನಿಲ್ಲಿಸಿದ ಹೊತ್ತು, ನಿಲ್ಲಿಸಿದ್ದೇಕೆ. ಎರಡನೆಯದೇ ಮುಖ್ಯ, ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ. ಒಂದು ನಮೂನೆ:

"9:40 ಆನ್. 10:35 ಆಟ ಶುರು, ಅಪ್‌ಡೇಟ್ ಇತ್ತು. 10:55 ಬಂದ್. ನಿದ್ದೆ."

ಹೀಗೆ ಬರೆದವರ ಆಸಕ್ತಿ ಹೋಗಿಲ್ಲ, ಐವತ್ತೈದು ನಿಮಿಷ ಹೋಗಿದೆ. ಎರಡು ವಾರದಲ್ಲಿ ಕನಿಷ್ಠ ಆರು ಸಲವಾದರೂ ಕೂರಬೇಕು, ಇಲ್ಲದಿದ್ದರೆ ಲೆಕ್ಕದಿಂದ ಏನೂ ತಿಳಿಯದು. ಇಷ್ಟು ದಿನ ಹೊಸ ಗೇಮ್ ಕೊಳ್ಳಬೇಡಿ, ಸೇಲ್ ಇದ್ದರೂ. ಕೊಳ್ಳುವ ಖುಷಿ ಬೇರೆ, ಆಡುವ ಖುಷಿ ಬೇರೆ. ಎರಡೂ ಬೆರೆತರೆ ಪರೀಕ್ಷೆ ಕೆಡುತ್ತದೆ. ಇನ್ನೊಂದು ಮಾತು: ರಾತ್ರಿ ಯಾವ ಗೇಮ್ ಎಂಬುದನ್ನು ಮಧ್ಯಾಹ್ನವೇ ತೀರ್ಮಾನಿಸಿ. ದಿನವಿಡೀ ಕೆಲಸ ಮಾಡಿ ದಣಿದ ತಲೆಗೆ ನೂರೆಂಬತ್ತರಲ್ಲಿ ಒಂದನ್ನು ಆರಿಸುವುದೂ ಇನ್ನೊಂದು ಕೆಲಸವೇ. ಆಡುವ ಇರಾದೆ ಇಲ್ಲದವನ್ನು ಸ್ಟೀಮ್‌ನಲ್ಲಿ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಒಳಗೆ ಹೈಡ್ ಒತ್ತಿ ಮರೆಮಾಡಿ. ಐದು ಮಾತ್ರ ಕಣ್ಣಿಗೆ ಬೀಳಲಿ.

ಮಷಿನ್ ತಿಂದ ಸಮಯ

ಮೊದಲ ಎರಡು ಹೊತ್ತುಗಳ ನಡುವೆ ಪದೇ ಪದೇ ಹದಿನೈದು ನಿಮಿಷಕ್ಕಿಂತ ಹೆಚ್ಚು ಅಂತರ ಕಂಡರೆ ಮೊದಲು ಅದನ್ನು ಸರಿಮಾಡಿ. 40 ಜಿಬಿ ಅಪ್‌ಡೇಟ್ ಇಳಿಯಲು 100 ಎಂಬಿಪಿಎಸ್ ಲೈನಿನಲ್ಲಿ, ಪೂರ್ತಿ ವೇಗ ಸಿಕ್ಕರೂ, ಸುಮಾರು 53 ನಿಮಿಷ ಬೇಕು. 40 ಎಂಬಿಪಿಎಸ್‌ನಲ್ಲಿ ಎರಡು ಗಂಟೆ ಹದಿಮೂರು ನಿಮಿಷ. ದಿನಕ್ಕೆ ಒಂದೇ ಗಂಟೆ ಬಿಡುವಿರುವವರಿಗೆ ಆ ದಿನ ಮುಗಿದಂತೆಯೇ. ಸ್ಟೀಮ್ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಭಾಗದಲ್ಲಿ ಅಪ್‌ಡೇಟ್‌ಗೆ ಹೊತ್ತು ಗೊತ್ತುಮಾಡುವ ಆಯ್ಕೆ ಇದೆ. ನೀವು ಕೂರುವುದಕ್ಕೆ ಮೂರು ಗಂಟೆ ಮುಂಚಿನ ಹೊತ್ತು ಕೊಡಿ, ಆ ಹೊತ್ತಿಗೆ ಕಂಪ್ಯೂಟರ್ ಆನ್ ಇರಬೇಕು ಅಷ್ಟೇ. ಪ್ಲೇಸ್ಟೇಷನ್ 5 ಕನ್ಸೋಲ್ ಆದರೆ, ಪೂರ್ತಿ ಆಫ್ ಆಗದೆ ಮಲಗಿರುವ ರೆಸ್ಟ್ ಮೋಡ್‌ನಲ್ಲಿ ಇಂಟರ್ನೆಟ್ ಸಂಪರ್ಕ ಉಳಿಯುವಂತೆ ಹಾಕಿಡಿ. ಆಗಾಗ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಇದನ್ನು ಮಾಡಬೇಡಿ. ರೆಸ್ಟ್ ಮೋಡ್‌ನಲ್ಲಿದ್ದಾಗ ಕರೆಂಟ್ ಹೋದರೆ ಮುಂದಿನ ಸಲ ಅದು ಸರಿಯಾಗಿ ಆಫ್ ಆಗಿರಲಿಲ್ಲವೆಂದು ಸ್ಟೋರೇಜ್ ತಪಾಸಣೆಗೆ ಕೂರುತ್ತದೆ.

ಟಿವಿಯಲ್ಲಿ ಆಡುವವರು ಇನ್ನೊಂದು ನೋಡಬೇಕು. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ತೋರಿಸುವ ಆಟದಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್. ಚಿತ್ರ ನಯವಾಗಿ ಕಾಣಲೆಂದು ಟಿವಿ ಮಾಡುವ ಸಂಸ್ಕರಣೆಯೇ 100 ಮಿಲಿಸೆಕೆಂಡ್ ತಡ ಸೇರಿಸಬಲ್ಲದು. ಬಟನ್ ಒತ್ತಿದ ಮೇಲೆ ಆರು ಫ್ರೇಮ್ ಕಳೆದು ಪಾತ್ರ ನೆಗೆಯುತ್ತದೆ. ತಡವೆಂದು ಕಣ್ಣಿಗೆ ಕಾಣದು, ಆಟ ಸಪ್ಪೆ ಎನಿಸುತ್ತದೆ. ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ. ಅನೇಕ ಟಿವಿಗಳಲ್ಲಿ ಇದು ಒಂದೊಂದು ಎಚ್‌ಡಿಎಂಐ ಪೋರ್ಟಿಗೆ ಬೇರೆಬೇರೆ, ಆದ್ದರಿಂದ ಕೇಬಲ್ ಬದಲಿಸಿದರೆ ಮತ್ತೆ ನೋಡಿ. ಬರೆದ ಕಾರಣ "ತಲೆನೋವು" ಆಗಿದ್ದರೆ ಮೋಷನ್ ಬ್ಲರ್ (ಚಲಿಸುವಾಗ ಚಿತ್ರ ಮಸುಕಾಗುವುದು), ಹೆಡ್ ಬಾಬ್ (ನಡೆಯುವಾಗ ನೋಟ ಕುಲುಕುವುದು) ಎರಡನ್ನೂ ಆಫ್ ಮಾಡಿ, ಮಾನಿಟರ್ ಹತ್ತಿರ ಕೂರುವವರು ಫೀಲ್ಡ್ ಆಫ್ ವ್ಯೂ (ಪರದೆಯಲ್ಲಿ ಕಾಣುವ ನೋಟದ ಅಗಲ) 90–100 ಡಿಗ್ರಿಗೆ ಏರಿಸಿ. ಗೇಮ್ ಬೇಸರ ಎಂದುಕೊಂಡಿದ್ದು ಎಷ್ಟೋ ಸಲ ಬರೀ ಹೊಟ್ಟೆ ತೊಳಸುವಿಕೆ.

ಎಲ್ಲಿದ್ದೆ ಎಂಬುದೇ ಮರೆತಾಗ

ವಾರಕ್ಕೆ ನಾಲ್ಕು ಗಂಟೆ ಸಿಗುವವರು ಮಾಡಿಕೊಳ್ಳುವ ದೊಡ್ಡ ಎಡವಟ್ಟು ಇದು. ದಿ ವಿಚರ್ 3ರ ಮುಖ್ಯ ಕಥೆಯೊಂದಕ್ಕೇ ಸುಮಾರು 50 ಗಂಟೆ ಬೇಕು, ಅಂದರೆ ಮೂರು ತಿಂಗಳು. ಪಕ್ಕದ ಕಥೆಗಳೂ ಸೇರಿದರೆ ಆರು ತಿಂಗಳು ದಾಟುತ್ತದೆ. ನಡುವೆ ಒಂದು ಮದುವೆ, ಒಂದು ಪ್ರಾಜೆಕ್ಟ್ ಡೆಡ್‌ಲೈನ್ ಬಂದರೆ ಮೂರು ವಾರ ಬಿಟ್ಟುಹೋಗುತ್ತದೆ. ಮರಳಿ ಕೂತಾಗ ಯಾವ ಬಟನ್ ಯಾವುದಕ್ಕೆ ಎಂಬುದೂ ನೆನಪಿರುವುದಿಲ್ಲ. ಎದುರಿಗಿರುವುದು ಮಾತ್ರ ಮಧ್ಯದ ಹಂತದ ಶತ್ರು. ಎರಡು ಸಲ ಸತ್ತು ಮುಚ್ಚಿಡುತ್ತೀರಿ.

ಇದಕ್ಕೆ ಮದ್ದು ಮೂರು ಸಾಲಿನ ಚೀಟಿ. ಪ್ರತಿಸಲ ನಿಲ್ಲಿಸುವ ಮೊದಲು ಬರೆದು ಕೀಬೋರ್ಡಿಗೋ ಕನ್ಸೋಲಿಗೋ ಅಂಟಿಸಿ:

"ಸೇತುವೆ ದಾಟಿ ಹಳ್ಳಿಯಲ್ಲಿದ್ದೇನೆ. ಮುಂದೆ ಕಮ್ಮಾರನ ಹತ್ತಿರ ಹೋಗಬೇಕು. ತಪ್ಪಿಸಿಕೊಳ್ಳಲು ವೃತ್ತದ ಬಟನ್, ಔಷಧಿಗೆ ಮೇಲಿನ ಬಾಣ."

ತುಂಬ ದಿನ ಬಿಟ್ಟಿದ್ದರೆ ಮುಖ್ಯ ಕಥೆಗೆ ನೇರ ನುಗ್ಗಬೇಡಿ. ಶುರುವಿನ ಊರಿಗೆ ಹೋಗಿ ಚಿಲ್ಲರೆ ಶತ್ರುಗಳ ಜೊತೆ ಇಪ್ಪತ್ತು ನಿಮಿಷ ಕೈ ಪಳಗಿಸಿ. ವರ್ಷ ದಾಟಿದ್ದರೆ ಹಳೆಯ ಸೇವ್ (ಉಳಿಸಿಟ್ಟ ಆಟ) ಬಿಟ್ಟು ಮೊದಲಿಂದ ಆಡುವುದೇ ಮೇಲು. ದೊಡ್ಡ ಮ್ಯಾಪಿನ ಆಟಗಳಲ್ಲಿ ಇನ್ನೂ ನೋಡದ ಜಾಗ ತೋರಿಸುವ ಪ್ರಶ್ನಾರ್ಥಕ ಚಿಹ್ನೆಗಳನ್ನೆಲ್ಲ ಒರೆಸುತ್ತಾ ಹೋಗುವ ಅಭ್ಯಾಸ ಬಿಡಿ. ಅದು ಕಚೇರಿಯ ಎಕ್ಸೆಲ್ ಶೀಟ್ ತುಂಬಿದ ಹಾಗೆ. ದಾರಿಯಲ್ಲಿ ಸಿಕ್ಕಿದ್ದನ್ನು ಮಾತ್ರ ಮುಟ್ಟಿ.

ಇಲ್ಲವೇ ಆಟದ ಅಳತೆಯನ್ನೇ ಬದಲಿಸಿ. 2012ರ ಜರ್ನಿ ಒಂದೇ ಸಂಜೆಯಲ್ಲಿ, ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ. 2007ರ ಪೋರ್ಟಲ್ ಮೂರು–ನಾಲ್ಕು ಗಂಟೆ. 2019ರ ಎ ಶಾರ್ಟ್ ಹೈಕ್ ಅದಕ್ಕೂ ಚಿಕ್ಕದು. ಇಂಥ ಒಂದನ್ನು ಶುರುಮಾಡಿ ಕೊನೆಯವರೆಗೆ ಮುಗಿಸಿದಾಗ ಖುಷಿಯಾಯಿತೇ? ಹಾಗಾದರೆ ನಿಮಗೆ ಬೇಡವಾಗಿರುವುದು ಗೇಮ್ ಅಲ್ಲ, ನೂರು ಗಂಟೆಯ ಗೇಮ್.

ಪರೀಕ್ಷೆಯ ಎರಡು ವಾರ ಕಳೆದ ಮೇಲೆ ಹೊಸದನ್ನು ಕೊಂಡು ನೋಡುವುದಿದ್ದರೆ ಸ್ಟೀಮ್‌ನ ರಿಫಂಡ್ ನಿಯಮ ನೆನಪಿರಲಿ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್. ಮೆನುವಿನಲ್ಲಿ ಸುಮ್ಮನೆ ಬಿಟ್ಟ ಹೊತ್ತೂ ಆ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಮೊಬೈಲ್‌ನಲ್ಲಿ 90 ನಿಮಿಷದ ಅಲಾರ್ಮ್ ಇಟ್ಟು, ಅದು ಬಾರಿಸಿದಾಗ ತೀರ್ಮಾನ ಮಾಡಿ.

"ಡೈಲಿ ಮಿಷನ್ ಮುಗೀತು"

ನಿಲ್ಲಿಸಿದ ಕಾರಣದಲ್ಲಿ ಈ ಮಾತು ಮೂರು ಸಲಕ್ಕಿಂತ ಹೆಚ್ಚು ಬಂದಿದ್ದರೆ ನೀವು ಆಡುತ್ತಿಲ್ಲ, ಕಂತು ಕಟ್ಟುತ್ತಿದ್ದೀರಿ. ಬ್ಯಾಟಲ್ ಪಾಸ್ (ಹಣ ಕೊಟ್ಟು ಕೊಂಡು, ಮಿಷನ್ ಮುಗಿಸಿದಂತೆ ತೆರೆಯುವ ಬಹುಮಾನಗಳ ಪಟ್ಟಿ), ದಿನದ ಲಾಗಿನ್ ಬಹುಮಾನ ಇವೆಲ್ಲ ಖುಷಿಯನ್ನು ಆಟದಿಂದ ತೆಗೆದು ಆಟದ ಹೊರಗಿನ ಪಟ್ಟಿಯಲ್ಲಿ ಇಡುತ್ತವೆ. ಪಟ್ಟಿ ತುಂಬಿತು, ಖುಷಿ ಮುಗಿಯಿತು, ನಾಳೆ ಮತ್ತೆ ಖಾಲಿ ಪಟ್ಟಿ. ಒಂದು ಸೀಸನ್ ಮಟ್ಟಿಗೆ ಪಾಸ್ ಕೊಳ್ಳದೆ ಬಿಡಿ. ನೋಟಿಫಿಕೇಷನ್ ಬಂದ್ ಮಾಡಿ. ಮಿಷನ್ ನೋಡದೆ ಆಡುವ ಮನಸ್ಸು ಬಂದ ದಿನ ಮಾತ್ರ ತೆರೆಯಿರಿ. ಆ್ಯಪ್ ಅಳಿಸಿದರೂ ಅಡ್ಡಿಯಿಲ್ಲ, ಅಕೌಂಟ್ ಅಳಿಸಬೇಡಿ; ಕೊಂಡ ಉಡುಪು-ಅಲಂಕಾರದ ಸ್ಕಿನ್‌ಗಳು ಅಕೌಂಟ್‌ನಲ್ಲಿರುತ್ತವೆ, ಫೋನಿನಲ್ಲಲ್ಲ. ಗೆಸ್ಟ್ ಲಾಗಿನ್‌ನಲ್ಲಿ ಆಡುತ್ತಿದ್ದವರು ಅಳಿಸುವ ಮೊದಲು ಇಮೇಲ್ ಅಕೌಂಟ್‌ಗೆ ಜೋಡಿಸಿಕೊಳ್ಳಿ, ಇಲ್ಲದಿದ್ದರೆ ಎಲ್ಲವೂ ಹೋದಂತೆಯೇ.

ಪಬ್ಜಿ ಮೊಬೈಲ್ 2020ರ ಅಕ್ಟೋಬರ್ ಕೊನೆಗೆ ಭಾರತದಲ್ಲಿ ಪೂರ್ತಿ ನಿಂತಿತು, ಅದರ ಭಾರತೀಯ ರೂಪ ಬಿಜಿಎಂಐ ಬಂದದ್ದು 2021ರ ಜುಲೈಯಲ್ಲಿ. ಆಗ ಆಡುತ್ತಿದ್ದವರು ತಮ್ಮನ್ನೇ ಕೇಳಿಕೊಳ್ಳಬಹುದಾದ ಪ್ರಶ್ನೆ: ನಡುವಿನ ಎಂಟು ತಿಂಗಳು ನೆನಪಾದದ್ದು ಆಟದ ಎರಾಂಗಲ್ ಮ್ಯಾಪೋ, ರಾತ್ರಿ ಹತ್ತಕ್ಕೆ ಮೈಕಿನಲ್ಲಿ ಬೈಯುತ್ತಿದ್ದ ಮೂವರು ಗೆಳೆಯರೋ?

ಪಕ್ಕದ ಕುರ್ಚಿ ಖಾಲಿ

ಉತ್ತರ ಗೆಳೆಯರು ಎಂದಾದರೆ ಯಾವ ಹೊಸ ಗೇಮೂ ಆ ಜಾಗ ತುಂಬದು. ಸೈಬರ್ ಸೆಂಟರ್‌ನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದವರು ಅದನ್ನೇ ಈಗ ಒಬ್ಬರೇ ಆಡಿದರೆ ಸಪ್ಪೆ ಎನಿಸುವುದರಲ್ಲಿ ವಿಚಿತ್ರವೇನಿಲ್ಲ. ಅಜ್ಜಿ ಮನೆಯ ಚೌಕಾಬಾರವನ್ನು ಒಬ್ಬರೇ ಕೂತು ಕವಡೆ ಹಾಕಿದರೆ ಎಷ್ಟು ಹೊತ್ತು ರುಚಿಸೀತು?

"ಯಾವಾಗಾದ್ರೂ ಆಡೋಣ" ಎಂದರೆ ಯಾವಾಗಲೂ ಆಗದು. ವಾರದಲ್ಲಿ ಒಂದು ದಿನ, ಒಂದು ಹೊತ್ತು, ತೊಂಬತ್ತು ನಿಮಿಷ ಎಂದು ಗೊತ್ತುಮಾಡಿ. ಗೆಳೆಯರು ಹೊರದೇಶದಲ್ಲಿದ್ದರೆ ಶನಿವಾರ ರಾತ್ರಿ 9:30 ಒಳ್ಳೆಯ ಹೊತ್ತು: ಬೇಸಿಗೆಯಲ್ಲಿ ಲಂಡನ್‌ನಲ್ಲಿ ಆಗ ಸಂಜೆ 5, ನ್ಯೂ ಜೆರ್ಸಿಯಲ್ಲಿ ಮಧ್ಯಾಹ್ನ 12. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಹಿಂದೆ ಸರಿಯುವುದರಿಂದ 4 ಮತ್ತು 11 ಆಗುತ್ತದೆ. ಬೆಂಗಳೂರಿಗೂ ಅಮೆರಿಕಕ್ಕೂ ನಡುವೆ ಪಿಂಗ್ (ಸಂಕೇತ ಹೋಗಿ ಬರಲು ಬೇಕಾದ ಹೊತ್ತು) 200 ಮಿಲಿಸೆಕೆಂಡ್ ಆಸುಪಾಸು ಅಥವಾ ಅದಕ್ಕೂ ಮೇಲೆ ಇರುತ್ತದೆ, ಹಾಗಾಗಿ ಶೂಟಿಂಗ್ ಆಟ ಆರಿಸಿದರೆ ಒಬ್ಬರಂತೂ ಸಿಟ್ಟಾಗಿ ಎದ್ದುಹೋಗುತ್ತಾರೆ. ಸರದಿಯ ಆಟಗಳಿಗೆ ಈ ತೊಂದರೆ ಇಲ್ಲ. ಲೀಚೆಸ್ ಎಂಬ ವೆಬ್‌ಸೈಟ್‌ನಲ್ಲಿ ಚೆಸ್ ಉಚಿತ. ಮನೆಯಲ್ಲೇ ಜೊತೆ ಸಿಕ್ಕರೆ ಓವರ್‌ಕುಕ್ಡ್ 2 ನಾಲ್ವರ ಆಟ. ಇಟ್ ಟೇಕ್ಸ್ ಟು ಇಬ್ಬರದು, ಆನ್‌ಲೈನ್ ಆಡುವುದಾದರೂ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರಿಗೆ ಫ್ರೆಂಡ್ಸ್ ಪಾಸ್ ಇದೆ.

ವಯಸ್ಸಾಯಿತೇ?

ಸ್ವಲ್ಪ ಹೌದು. 16ರಿಂದ 44 ವಯಸ್ಸಿನ 3,305 ಸ್ಟಾರ್‌ಕ್ರಾಫ್ಟ್ 2 ಆಟಗಾರರ ದಾಖಲೆ ನೋಡಿದ ಒಂದು ಅಧ್ಯಯನ 2014ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂತು. ಸನ್ನಿವೇಶ ಬದಲಾದಾಗ ಪ್ರತಿಕ್ರಿಯಿಸುವ ವೇಗ 24ರಿಂದಲೇ ಇಳಿಯತೊಡಗುತ್ತದೆ ಎಂಬುದು ಅದರ ಲೆಕ್ಕ. ಅದಕ್ಕಿಂತ ಉಪಯೋಗದ ಮಾತು ಅದರಲ್ಲಿ ಇನ್ನೊಂದಿದೆ: ಹಿರಿಯ ಆಟಗಾರರು ಸರಳ ತಂತ್ರ, ಆಟದೊಳಗಿನ ಶಾರ್ಟ್‌ಕಟ್‌ಗಳನ್ನು ಬಳಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. "ಸೋತೆ, ಸಿಟ್ಟು" ಎಂದು ಪದೇ ಪದೇ ಬರೆದಿದ್ದರೆ ಎರಡು ವಾರ ರ್‍ಯಾಂಕ್ ಇಲ್ಲದ ಪಂದ್ಯ ಆಡಿ ನೋಡಿ. ಒಬ್ಬರೇ ಆಡುವ ಆಟದಲ್ಲಿ ಕಷ್ಟ ಇಳಿಸಿ. ಸೆಲೆಸ್ಟ್‌ನ ಅಸಿಸ್ಟ್ ಮೋಡ್‌ನಲ್ಲಿ ಆಟದ ವೇಗವನ್ನು ಅರ್ಧದವರೆಗೆ ತಗ್ಗಿಸಬಹುದು. ಮೊದಲು 80 ಶೇಕಡಾ ಸಾಕು. ಹೇಡೀಸ್‌ನ ಗಾಡ್ ಮೋಡ್ ಪೆಟ್ಟನ್ನು 20 ಶೇಕಡಾ ತಗ್ಗಿಸಿ ಶುರುವಾಗುತ್ತದೆ, ಪ್ರತಿ ಸಾವಿಗೂ 2 ಶೇಕಡಾ ಸೇರುತ್ತ 80ರವರೆಗೆ ಹೋಗುತ್ತದೆ. ಈಸಿ ಮೋಡ್ ಅವಮಾನ ಎನ್ನುವವರು ನಿಮ್ಮ ಕರೆಂಟ್ ಬಿಲ್ ಕಟ್ಟುವುದಿಲ್ಲ.

ಲೆಕ್ಕ ಪೂರ್ತಿ ನೋಡಿದಾಗ ಗೇಮ್ ಮಾತ್ರವಲ್ಲ, ಹಾಡು, ಊಟ, ಗೆಳೆಯರ ಮಾತು ಯಾವುದೂ ಎರಡು ವಾರದಿಂದ ರುಚಿಸುತ್ತಿಲ್ಲ ಎಂದು ಕಂಡರೆ ಇಲ್ಲಿ ಹೇಳಿದ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಸೆ ಹೋಗಿದ್ದರೂ ಕೈ ಬಿಡಲಾಗದೆ ರಾತ್ರಿ ಮೂರರವರೆಗೆ ಆಡುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ (ಗೇಮ್, ಇಂಟರ್ನೆಟ್ ಚಟಕ್ಕೆ ಚಿಕಿತ್ಸೆ ಕೊಡುವ ವಿಭಾಗ) ಇದೆ.

ನಿಜಕ್ಕೂ ಮುಗಿದಿದ್ದರೆ

ಮೇಲಿನದೆಲ್ಲ ಮಾಡಿಯೂ ಚಿಕ್ಕ ಆಟ, ಜೊತೆಯ ಆಟ ಎರಡೂ ಬೇಡವೆನಿಸಿದರೆ ಮುಗಿದಿದೆ ಎಂದೇ ಇಟ್ಟುಕೊಳ್ಳಿ. ತಪ್ಪೇನಲ್ಲ. ಆದರೂ ಮಾರುವಾಗ ಕ್ರಮ ತಪ್ಪಬೇಡಿ. ಪ್ಲೇಸ್ಟೇಷನ್ 5ರ ಗೇಮ್‌ಗಳ ಸೇವ್‌ಗಳು ಯುಎಸ್‌ಬಿಗೆ ಹೋಗುವುದಿಲ್ಲ, ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೆ ಮಾತ್ರ. ಬೇಕೆನಿಸಿದರೆ ಚಂದಾ ಮುಗಿಯುವ ಮೊದಲೇ ಏರಿಸಿ. ಆಮೇಲೆ ಯೂಸರ್ಸ್ ಆ್ಯಂಡ್ ಅಕೌಂಟ್ಸ್‌ನಲ್ಲಿ ಕನ್ಸೋಲ್ ಶೇರಿಂಗ್ ಬಂದ್ ಮಾಡಿ, ಕೊನೆಗೆ ಸಿಸ್ಟಮ್ ಒಳಗಿನ ರಿಸೆಟ್. ಕಾರ್ಡ್ ವಿವರ ಅಕೌಂಟ್‌ನಲ್ಲಿ ಉಳಿದಿರುತ್ತದೆ, ಅದನ್ನು ಬೇರೆಯಾಗಿ ತೆಗೆಯಬೇಕು. ಡಿಸ್ಕ್‌ಗಳನ್ನು ಕನ್ಸೋಲ್ ಜೊತೆ ಸೇರಿಸಿ ಕೊಡುವುದಕ್ಕಿಂತ ಬಿಡಿಯಾಗಿ ಮಾರಿದರೆ ಹೆಚ್ಚು ಹುಟ್ಟುತ್ತದೆ. ಸ್ಟೀಮ್ ಅಕೌಂಟ್ ಮಾರುವುದು ನಿಯಮಕ್ಕೆ ವಿರುದ್ಧ, ಅದನ್ನು ಹಾಗೇ ಬಿಡಿ. ಗೇಮ್‌ಗಳು ಅಲ್ಲೇ ಇರುತ್ತವೆ.

ಎರಡು ಕಂಟ್ರೋಲರ್ ಇದ್ದರೆ ಒಂದನ್ನು ಇಟ್ಟುಕೊಳ್ಳಿ. ಎರಡನೆಯದಕ್ಕೆ ಕೊಳ್ಳುವವರು ಕೊಡುವ ಹೆಚ್ಚಿನ ಹಣ ಹೇಗೂ ಅಲ್ಪ. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಆದರೆ ಕ್ರಿಯೇಟ್ ಮತ್ತು ಪಿಎಸ್ ಬಟನ್ ಒಟ್ಟಿಗೆ ಹಿಡಿದರೆ ಲೈಟ್ ಮಿಟುಕುತ್ತದೆ, ಆಗ ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪ್‌ಗೋ ಫೋನಿಗೋ ಜೋಡಿಸಬಹುದು. ಪೂರ್ತಿ ಚಾರ್ಜ್ ಮಾಡಿ ಒಳಗಿಡಬೇಡಿ, ಅರ್ಧ ಸಾಕು. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೇಬಲ್ ಚುಚ್ಚಿ.