ಹಿತ್ತಿಲ ಅಂಚಿನ ಉಣುಗು: ಶಿರಸಿ, ಕಾರವಾರ ಕಡೆಯಿಂದ ಅಮೆರಿಕಕ್ಕೆ ಬರುವವರಿಗೆ

ಶಿರಸಿ, ಸಿದ್ದಾಪುರ ಕಡೆಯವರಿಗೆ ಉಣುಗು (ರಕ್ತ ಹೀರುವ ಉಣ್ಣೆ ಹುಳು, ಇಂಗ್ಲಿಷಿನಲ್ಲಿ ಟಿಕ್) ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದರೆ ಕಾಲು ನೋಡಿಕೊಳ್ಳಬೇಕು, ಮಂಗ ಸತ್ತ ಜಾಗದತ್ತ ಸುಳಿಯಬಾರದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು ಎನ್ನುವುದೆಲ್ಲ ಮಕ್ಕಳಿಗೂ ಗೊತ್ತು. ಕಾರವಾರ, ಅಂಕೋಲೆಯ ಕಡಲ ಬದಿಯವರಿಗೆ ನಾಯಿಯ ಕಿವಿಯಲ್ಲಿ ಕಂಡದ್ದು ಬಿಟ್ಟರೆ ಪರಿಚಯ ಕಡಿಮೆ. ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ ಕಡೆ ಮನೆ ಮಾಡಿದ ಮೇಲೆ ಈ ಇಬ್ಬರೂ ಒಂದೇ ಕಡೆ ಎಡವುತ್ತಾರೆ. ಊರಲ್ಲಿ ಉಣುಗು ಬೆಟ್ಟದ್ದು, ಕೊಟ್ಟಿಗೆಯದ್ದು. ಇಲ್ಲಿ ಅದು ಮನೆಯ ಹಿತ್ತಿಲದ್ದು. ಕಾಡಿಗೆ ಹೋಗದವರಿಗೂ ಕಚ್ಚುತ್ತದೆ.

ಇಲ್ಲಿ ಹೆಚ್ಚು ಕಾಟ ಕೊಡುವುದು ಕಪ್ಪು ಕಾಲಿನ ಉಣುಗು. ಜನ ಡೀರ್ ಟಿಕ್ ಅನ್ನುತ್ತಾರೆ. ಅದು ಹರಡುವುದರಲ್ಲಿ ಮುಖ್ಯವಾದದ್ದು ಲೈಮ್ ಕಾಯಿಲೆ. ಊರಲ್ಲಿ ಉಣುಗು ಹರಡುವ ನಮ್ಮ ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ) ವೈರಸ್ಸಿನದು, ಲೈಮ್ ಬ್ಯಾಕ್ಟೀರಿಯಾದ್ದು. ಹಾಗಾಗಿ ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಗೆ ಬಗ್ಗುತ್ತದೆ, ತಡವಾದರೆ ಗಂಟುನೋವು, ನರಗಳ ತೊಂದರೆಯವರೆಗೆ ಎಳೆಯುತ್ತದೆ. ಕಾಲವೂ ಬೇರೆ. ಊರಲ್ಲಿ ಮಂಗನ ಕಾಯಿಲೆಯ ಭಯ ಡಿಸೆಂಬರಿನಿಂದ ಮೇ ತನಕ, ಮಳೆ ಹಿಡಿದರೆ ಮುಗಿಯಿತು. ಇಲ್ಲಿ ಅಪಾಯ ಏರುವುದೇ ಮೇ ತಿಂಗಳಲ್ಲಿ. ಮೇ, ಜೂನ್, ಜುಲೈಗಳಲ್ಲಿ ಓಡಾಡುವುದು ಗಸಗಸೆ ಕಾಳಿನಷ್ಟಿರುವ ಮರಿ ಉಣುಗು. ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಕಾಯಿಲೆ ಹೆಚ್ಚಾಗಿ ಬರುವುದು ಅದರಿಂದಲೇ. ಎಳ್ಳಿನಷ್ಟು ದೊಡ್ಡದಾದ ಬಲಿತ ಉಣುಗು ಅಕ್ಟೋಬರ್, ನವೆಂಬರಿನಲ್ಲಿ ಹೊರಡುತ್ತದೆ. ಚಳಿಗಾಲದಲ್ಲೂ ಹಿಮ ಕರಗಿ ಬಿಸಿಲು 4 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಎದ್ದು ಬರುತ್ತದೆ. ‘ಚಳಿಗೆ ಸತ್ತಿರುತ್ತವೆ ಬಿಡಿ’ ಎನ್ನುವ ಮಾತನ್ನು ನಂಬಬೇಡಿ.

ಉಣುಗು ಎಲ್ಲಿರುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲಿನ ತುದಿಗೋ ದರಕಿನ (ಉದುರಿದ ಒಣ ಎಲೆಗಳ) ಮೇಲಕ್ಕೋ ಹತ್ತಿ, ಮುಂಗಾಲು ಚಾಚಿ, ಯಾರಾದರೂ ಸವರಿಕೊಂಡು ಹೋಗಲಿ ಎಂದು ಕಾಯುತ್ತದೆ. ಮೈ ಒಣಗಿದರೆ ಸಾಯುವ ಜೀವಿ, ಹಾಗಾಗಿ ಆಗಾಗ ಕೆಳಗಿಳಿದು ಪಸೆ ಹೀರಿಕೊಳ್ಳಲೇಬೇಕು. ಬಿಸಿಲು ಬೀಳುವ, ಗಿಡ್ಡ ಹುಲ್ಲಿನ ಲಾನ್ ನಡುವೆ ಅದು ಬಾಳುವುದು ಕಷ್ಟ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯ ಮನೆಗಳಲ್ಲಿ ಹುಡುಕಿ ಎಣಿಸಿದಾಗ ಸಿಕ್ಕ ಉಣುಗುಗಳಲ್ಲಿ ಶೇ. 67 ಮರಗಳ ಅಡಿಯಲ್ಲಿ, ಶೇ. 22 ಮರಗಳೂ ಲಾನೂ ಕೂಡುವ ಅಂಚಿನಲ್ಲಿ, ಶೇ. 9 ಅಲಂಕಾರದ ಗಿಡಗಳ ಬುಡದಲ್ಲಿ ಇದ್ದವು. ತೆರೆದ ಲಾನಿನಲ್ಲಿ ಇದ್ದದ್ದು ಶೇ. 2 ಮಾತ್ರ. ಅಂದರೆ ಇಡೀ ಹಿತ್ತಿಲಿನ ಜೊತೆ ಗುದ್ದಾಡಬೇಕಾಗಿಲ್ಲ. ಅಂಚಿನ ಎಂಟು ಹತ್ತು ಅಡಿ ನೋಡಿಕೊಂಡರೆ ಬಹುಪಾಲು ಆಯಿತು.

ಅಂಚಿನ ಕೆಲಸದಲ್ಲಿ ಮೊದಲನೆಯದು ದರಕು. ಊರಲ್ಲಿ ದರಕು ಅಂದರೆ ಆಸ್ತಿ: ಕೊಟ್ಟಿಗೆಗೆ ಹಾಸು, ಗೊಬ್ಬರದ ಗುಂಡಿಗೆ ಹೊಟ್ಟೆತುಂಬ ಊಟ, ಅಡಿಕೆ ಮರದ ಬುಡಕ್ಕೆ ಹೊದಿಕೆ. ಅದೇ ಬುದ್ಧಿಯಲ್ಲಿ ಇಲ್ಲಿಯೂ ನವೆಂಬರಿನಲ್ಲಿ ಓಕ್, ಮೇಪಲ್ ಎಲೆಗಳನ್ನು ಬ್ಲೋವರ್ ಹಿಡಿದು ಹಿಂದಿನ ಮರಗಳ ಅಂಚಿಗೆ ತಳ್ಳಿ ರಾಶಿ ಹಾಕುತ್ತಾರೆ. ಉಣುಗಿಗೆ ಇದಕ್ಕಿಂತ ಒಳ್ಳೆಯ ಕಂಬಳಿ ಬೇಕೇ? ಒಳಗೆ ಪಸೆ ಆರುವುದಿಲ್ಲ, ಮೇಲೆ ಹಿಮ ಕೂತರೆ ಕೆಳಗೆ ಬೆಚ್ಚಗೇ ಇರುತ್ತದೆ. ಮುಂದಿನ ಮೇ ತಿಂಗಳಲ್ಲಿ ಮರಿ ಉಣುಗು ಅಲ್ಲಿಂದಲೇ ಏಳುತ್ತದೆ. ಆದ್ದರಿಂದ ಎಲೆಯನ್ನು ಕಾಗದದ ಚೀಲಕ್ಕೆ ತುಂಬಿ ಊರಿನ ಆಡಳಿತದವರು ಒಯ್ಯುವ ದಿನ ರಸ್ತೆ ಬದಿಗಿಡಿ. ಅಥವಾ ಹುಲ್ಲು ಕತ್ತರಿಸುವ ಯಂತ್ರವನ್ನೇ ಮೇಲೆ ಓಡಿಸಿ ಪುಡಿ ಮಾಡಿ, ಬಿಸಿಲು ಬೀಳುವ ಲಾನಿನಲ್ಲಿ ತೆಳ್ಳಗೆ ಹರಡಿ. ಗೊಬ್ಬರ ಮಾಡಲೇಬೇಕೆಂದರೆ ಮರಗಳ ಅಂಚಿನಿಂದ ದೂರ, ಬಿಸಿಲಿನಲ್ಲಿ, ಮುಚ್ಚಳವಿರುವ ತೊಟ್ಟಿಯಲ್ಲಿ ಮಾಡಿ.

ಆಮೇಲೆ ಒಣ ಪಟ್ಟಿ. ಲಾನ್ ಮುಗಿದು ಮರಗಳು ಶುರುವಾಗುವಲ್ಲಿ 3 ಅಡಿ ಅಗಲಕ್ಕೆ ಜಲ್ಲಿ ಅಥವಾ ಮರದ ಚಕ್ಕೆ ಹಾಕುವುದು. ಮೊದಲು ಹುಲ್ಲು, ಬೇರು ಕೆತ್ತಿ ತೆಗೆಯಿರಿ. ಕಳೆ ತಡೆಯುವ ಬಟ್ಟೆ ಹಾಸಿ ಮೊಳೆ ಬಡಿಯಿರಿ, ಮೇಲೆ 3 ಅಂಗುಲ ದಪ್ಪ ಚಕ್ಕೆ ಸುರಿಯಿರಿ. 60 ಅಡಿ ಉದ್ದದ ಅಂಚಿಗೆ 45 ಘನ ಅಡಿ ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ 2 ಘನ ಅಡಿಯ ಚೀಲದ ಲೆಕ್ಕದಲ್ಲಿ 23 ಚೀಲ. ಅಷ್ಟು ಹೊರುವುದಕ್ಕಿಂತ ಲಾರಿಯಲ್ಲಿ ಸಡಿಲವಾಗಿ ತರಿಸಿದರೆ ಅಗ್ಗ. ಜನ ತಪ್ಪುವುದು ಚಕ್ಕೆ ಆರಿಸುವಲ್ಲಿ. ನಾರು ನಾರಾಗಿ ನುಣ್ಣಗೆ ಸೀಳಿದ ಮಲ್ಚ್ ನೋಡಲು ಚಂದ, ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೇಕಾದದ್ದು ದಪ್ಪ ಚಕ್ಕೆ, ಇಲ್ಲವೇ ಜಲ್ಲಿ: ಮಳೆ ನಿಂತ ಸ್ವಲ್ಪ ಹೊತ್ತಿಗೆ ಮೇಲ್ಮೈ ಒಣಗಬೇಕು. ಇನ್ನೊಂದು, ಪಟ್ಟಿ ಹಾಕಿ ಮರೆತುಬಿಡುವುದು. ಎರಡು ಶರತ್ಕಾಲದ ಎಲೆ ಅದರ ಮೇಲೆ ಕೊಳೆತರೆ ಪಟ್ಟಿ ಹೋಗಿ ಉಣುಗಿನ ಮನೆಯೇ ಆಗುತ್ತದೆ. ಪಟ್ಟಿಯೇನೂ ಕೋಟೆಯಲ್ಲ, ಇಲಿ, ಜಿಂಕೆ ದಾಟಿ ಬರುತ್ತವೆ. ಆದರೆ ‘ಇದರಾಚೆ ಚೆಂಡು ಹೋದರೆ ದೊಡ್ಡವರನ್ನು ಕರೆಯಬೇಕು’ ಎಂದು ಮಕ್ಕಳಿಗೆ ತೋರಿಸಲು ಒಂದು ಗೆರೆ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದರ ಅರ್ಧ ಉಪಯೋಗ ಅಲ್ಲಿಯೇ ಇದೆ. ಜೋಕಾಲಿ, ಜಾರುಬಂಡಿ, ಕೂರುವ ಕುರ್ಚಿ ಎಲ್ಲ ಪಟ್ಟಿಯಿಂದ ಹತ್ತು ಅಡಿಯಾದರೂ ಈಚೆಗೆ, ಬಿಸಿಲಿಗೆ ಬರಲಿ.

ಲೈಮ್ ಬ್ಯಾಕ್ಟೀರಿಯಾ ಉಣುಗಿಗೆ ಅಂಟುವುದು ಹೆಚ್ಚಾಗಿ ಬಿಳಿ ಕಾಲಿನ ಇಲಿಯಿಂದ. ಜಿಂಕೆ ಕಾಯಿಲೆ ಕೊಡುವುದಿಲ್ಲ, ಬಲಿತ ಉಣುಗಿಗೆ ರಕ್ತ ಕೊಟ್ಟು ಊರೂರಿಗೆ ಹೊತ್ತು ತರುತ್ತದೆ. ಹಾಗಾಗಿ ಎರಡನ್ನೂ ಕರೆಯಬಾರದು. ಹಳೆಯ ಕಲ್ಲಿನ ಪಾಗಾರದ ಸಂದುಗಳು ಇಲಿಯ ಬಿಡಾರ. ಸುತ್ತಲಿನ ಜಿಗ್ಗು ಕಡಿದು ಬಿಸಿಲು ಬೀಳುವಂತೆ ಮಾಡಿ. ಸೌದೆಯನ್ನು ನೆಲದಿಂದ ಎತ್ತರಿಸಿ, ಒಣ ಜಾಗದಲ್ಲಿ ಒಪ್ಪವಾಗಿ ಪೇರಿಸಿ. ಹಕ್ಕಿಗೆ ಕಾಳು ಹಾಕುವುದು ಪುಣ್ಯದ ಕೆಲಸವೇ, ಆದರೆ ಉದುರಿದ ಕಾಳಿಗೆ ಬರುವುದು ಇಲಿ. ಮನೆಯಿಂದ ದೂರ ಕಟ್ಟಿ. ಜಿಂಕೆಗೆ ಹೋಸ್ಟಾ, ಟ್ಯುಲಿಪ್ ಅಂದರೆ ಬಾಯಲ್ಲಿ ನೀರು. ಅವನ್ನು ನೆಡದಿದ್ದರೆ ಒಳ್ಳೆಯದು. ಬೇಲಿಯಿಂದ ಜಿಂಕೆಯನ್ನು ತಡೆಯಬೇಕೆಂದರೆ 8 ಅಡಿ ಎತ್ತರ ಬೇಕು, ಬೇಲಿ ಹಾಕುವ ಮೊದಲು ಬಡಾವಣೆಯ ಸಂಘದ ನಿಯಮ ಕೇಳಿಕೊಳ್ಳಿ. ಹಳೆಯ ಮನೆ ಕೊಂಡವರು ಕೆಂಪು ಎಲೆಯ, ಮುಳ್ಳಿನ ಜಪಾನೀಸ್ ಬಾರ್‌ಬೆರಿ ಪೊದೆ ಇದೆಯೇ ನೋಡಿ. ಒತ್ತಾಗಿ ಬೆಳೆದು ಒಳಗೆ ಪಸೆ ಕಟ್ಟಿಕೊಂಡು ಇಲಿಗೂ ಉಣುಗಿಗೂ ಆಶ್ರಯ ಕೊಡುತ್ತದೆ. ಕೆಲವು ರಾಜ್ಯಗಳಲ್ಲಿ ಮಾರಾಟವೇ ನಿಷೇಧ. ಬೇರುಸಹಿತ ಕಿತ್ತು ಹಾಕಿ.

ನಿಮ್ಮ ಹಿತ್ತಿಲಿನಲ್ಲಿ ಉಣುಗು ಇದೆಯೇ ಎಂದು ನೀವೇ ನೋಡಬಹುದು. ಮಂಗನ ಕಾಯಿಲೆಯ ಕಾಲದಲ್ಲಿ ಊರಿನ ಕಾಡಿನಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುವವರನ್ನು ನೋಡಿದವರಿಗೆ ಇದು ಹೊಸತಲ್ಲ. ಒಂದು ಮೀಟರ್ ಉದ್ದಗಲದ ಬಿಳಿ ಫ್ಲಾನೆಲ್ ಬಟ್ಟೆ, ಒಂದು ಅಂಚಿಗೆ ಕೋಲು, ಕೋಲಿನ ಎರಡೂ ತುದಿಗೆ ಹಗ್ಗ. ಇಬ್ಬನಿ ಆರಿದ ಮೇಲೆ, ಮಳೆ ಇಲ್ಲದ ದಿನ, ಅಂಚಿನ ದರಕಿನ ಮೇಲೆ ನಿಧಾನ ಎಳೆಯಿರಿ. ಪ್ರತಿ ಹತ್ತು ಮೀಟರಿಗೆ ನಿಂತು ಬಟ್ಟೆ ಮಗುಚಿ ನೋಡಿ. ಮಣ್ಣಿನ ಚುಕ್ಕೆಯಂತೆ ಕಾಣುವುದು ಸ್ವಲ್ಪ ಹೊತ್ತಿಗೆ ಕಾಲು ಬಿಚ್ಚಿ ನಡೆಯತೊಡಗಿದರೆ ಮರಿ ಉಣುಗೇ. ಪಾರದರ್ಶಕ ಟೇಪಿಗೆ ಅಂಟಿಸಿ ಮಡಚಿಬಿಡಿ. ಏನೂ ಸಿಗದಿದ್ದರೆ ಇಲ್ಲವೆಂದಲ್ಲ, ಬಿಸಿಲು ಜೋರಿದ್ದ ದಿನ ಅವು ಕೆಳಗೆ ಇಳಿದಿರುತ್ತವೆ. ಇನ್ನೊಂದು ದಿನ ಎಳೆಯಿರಿ.

ಔಷಧಿ ಸಿಂಪಡಣೆ ಬಗ್ಗೆ ಮೊದಲ ವಸಂತದಲ್ಲೇ ಬಾಗಿಲಿಗೆ ಚೀಟಿ ಬರುತ್ತದೆ. ಹೆಚ್ಚಾಗಿ ಬಳಸುವುದು ಬೈಫೆಂಥ್ರಿನ್. ಮೇ ನಡುವಿನಿಂದ ಜೂನ್ ಮೊದಲ ವಾರದೊಳಗೆ ಒಮ್ಮೆ ಅಂಚಿಗೆ ಹೊಡೆದರೆ ಉಣುಗು ಗಣನೀಯವಾಗಿ ಕಡಿಮೆಯಾಗುವುದು ನಿಜ. ಆದರೆ ಕನೆಕ್ಟಿಕಟ್, ಮೇರಿಲ್ಯಾಂಡ್, ನ್ಯೂಯಾರ್ಕ್ ರಾಜ್ಯಗಳ 2,727 ಮನೆಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಣುಗು ಶೇ. 63ರಷ್ಟು ಇಳಿದರೂ ಮನೆಯವರಿಗೆ ಬಂದ ಕಾಯಿಲೆ ಇಳಿಯಲಿಲ್ಲ. ಸಿಂಪಡಿಸಿದೆವೆಂದು ಮೈ ನೋಡಿಕೊಳ್ಳುವುದನ್ನು ಬಿಡಬೇಡಿ ಎಂದೇ ಇದರ ಅರ್ಥ. ಮಾಡಿಸುವುದಾದರೆ ರಾಜ್ಯದ ಪರವಾನಗಿ ಇದ್ದವರಿಂದ, ಅಂಚಿಗೆ ಮಾತ್ರ ಮಾಡಿಸಿ. ಲಾನ್ ಪೂರ್ತಿ ಹೊಡೆಯುತ್ತೇವೆ ಅನ್ನುವವರು ನಿಮ್ಮ ದುಡ್ಡು ಸುರಿಯುತ್ತಿದ್ದಾರೆ ಅಷ್ಟೆ. ಬೈಫೆಂಥ್ರಿನ್ ಜೇನಿಗೂ ಮೀನಿಗೂ ವಿಷ. ಹೂ ಬಿಟ್ಟ ಗಿಡಕ್ಕೆ, ಹಳ್ಳದ ಬದಿಗೆ, ನೀವು ಬಸಳೆ, ಹರಿವೆ ಹಾಕಿದ ಪಾತಿಗೆ ತಾಗಬಾರದು. ಪರ್ಮೆಥ್ರಿನ್ ಹಾಕಿದ ಹತ್ತಿ ತುಂಬಿದ ಕೊಳವೆಗಳೂ ಸಿಗುತ್ತವೆ. ಇಲಿ ಹತ್ತಿಯನ್ನು ಗೂಡಿಗೆ ಒಯ್ದರೆ ಅದರ ಮೈಯ ಉಣುಗು ಸಾಯಲಿ ಎಂಬ ಲೆಕ್ಕ. ವಸಂತದಲ್ಲೊಮ್ಮೆ, ಬೇಸಿಗೆಯ ಕೊನೆಗೊಮ್ಮೆ ಇಡಬೇಕು. ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಇನ್ನು ಮೈ ಕಾಪಾಡಿಕೊಳ್ಳುವ ಮಾತು: ತೋಟದ ಕೆಲಸಕ್ಕೆ ಬೇರೆ ಪ್ಯಾಂಟು, ಬೂಟು ಇಟ್ಟುಕೊಂಡು ಅವಕ್ಕೆ ಶೇ. 0.5ರ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿ. ಕೆಲವು ಒಗೆತದವರೆಗೆ ಉಳಿಯುತ್ತದೆ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಹಸಿ ಇರುವಾಗ ಬೆಕ್ಕು ಹತ್ತಿರ ಬರಬಾರದು. ಚರ್ಮಕ್ಕೆ ಹಚ್ಚಲು ಉಣುಗನ್ನು ದೂರವಿಡುವ ಶೇ. 20ರ ಪಿಕಾರಿಡಿನ್, ಇಲ್ಲವೇ ಶೇ. 20ರಿಂದ 30ರ ಡೀಟ್. ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ, ಚಂದ ಕಾಣದಿದ್ದರೂ ಪರವಾಗಿಲ್ಲ. ಒಳಗೆ ಬಂದ ಕೂಡಲೇ ಬಟ್ಟೆಯನ್ನು ಡ್ರೈಯರಿಗೆ ಹಾಕಿ ಹೆಚ್ಚಿನ ಶಾಖದಲ್ಲಿ 10 ನಿಮಿಷ ತಿರುಗಿಸಿ, ಆಮೇಲೆ ಒಗೆಯಿರಿ. ಮೊದಲು ತಣ್ಣೀರಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ. ಎರಡು ಗಂಟೆಯೊಳಗೆ ಸ್ನಾನ. ಆಗ ಕಂಕುಳು, ಹೊಕ್ಕುಳು, ಮಂಡಿಯ ಹಿಂದೆ, ತೊಡೆಸಂದು, ಸೊಂಟದ ಪಟ್ಟಿ, ಕಿವಿಯ ಹಿಂದೆ, ಕೂದಲ ಬುಡ ಬೆರಳಾಡಿಸಿ ನೋಡಿ. ಕಾರವಾರದ ಕಡಲು ನೋಡಿ ಬೆಳೆದವರು ಕೇಪ್ ಕಾಡ್, ಲಾಂಗ್ ಐಲೆಂಡಿನ ಕಡಲಿಗೆ ಹೋದಾಗಲೂ ಇದನ್ನೇ ಮಾಡಬೇಕು: ಬರಿ ಮರಳಿನಲ್ಲಿ ತೊಂದರೆಯಿಲ್ಲ, ಮರಳ ದಿಬ್ಬದ ಹುಲ್ಲಿನ ನಡುವಿನ ಕಾಲುದಾರಿಯಲ್ಲಿದೆ.

ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು, ಕಡ್ಡಿ ಗೀರಿ ಸುಡುವುದು, ಇವೆಲ್ಲ ಬೇಡ. ಅವುಗಳಿಂದ ಉಣುಗು ತಕ್ಷಣ ಬಿಡುವುದಿಲ್ಲ, ಕಚ್ಚಿಕೊಂಡಿರುವ ಹೊತ್ತು ಹೆಚ್ಚುತ್ತದೆ. ಲೈಮ್ ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಬೇಕು, ನಿಮ್ಮ ಅನುಕೂಲ ಇರುವುದೇ ಅಲ್ಲಿ. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಬಾಯಿಯ ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ಒಂದೇ ಸಮ ಎಳೆಯಿರಿ. ಬಾಯಿಯ ಚೂರು ಉಳಿದರೆ ಕೆದಕಬೇಡಿ, ಚರ್ಮವೇ ದೂಡುತ್ತದೆ. ಸ್ಪಿರಿಟ್ ಹಚ್ಚಿ, ಉಣುಗನ್ನು ಟೇಪಿಗಂಟಿಸಿ ತಾರೀಖು ಬರೆದಿಡಿ. 36 ಗಂಟೆ ದಾಟಿರಬಹುದು ಅನ್ನಿಸಿದರೆ ಕಿತ್ತ 72 ಗಂಟೆಯೊಳಗೆ ವೈದ್ಯರಿಗೆ ಫೋನ್ ಮಾಡಿ, ಒಂದೇ ಸಲದ ಡಾಕ್ಸಿಸೈಕ್ಲಿನ್ ಬೇಕೇ ಎಂದು ಅವರು ಹೇಳುತ್ತಾರೆ. ಮುಂದಿನ 30 ದಿನ ಚರ್ಮ ನೋಡುತ್ತಿರಿ. ಪುಸ್ತಕದ ಚಿತ್ರದಲ್ಲಿರುವ ಕೆಂಪು ಬಳೆ ನಮ್ಮ ಕಂದು ಮೈಮೇಲೆ ಹಾಗೆ ಕಾಣುವುದಿಲ್ಲ. ಪೆಟ್ಟು ಬಿದ್ದು ನೀಲಿಗಟ್ಟಿದ ಹಾಗೆ, ಅಗಲವಾಗುತ್ತ ಹೋಗುವ ಕಪ್ಪು ಮಚ್ಚೆಯಂತೆ ಇರಬಹುದು. ನೋವು, ತುರಿಕೆ ಇರದಿದ್ದರೂ ಐದು ಸೆಂಟಿಮೀಟರ್ ದಾಟಿ ಹರಡುತ್ತಿದ್ದರೆ ತೋರಿಸಿ. ಮಚ್ಚೆಯೇ ಇಲ್ಲದೆ ಬೇಸಿಗೆಯಲ್ಲಿ ಜ್ವರ, ಮೈಕೈ ನೋವು ಬಂದರೂ ಉಣುಗಿನ ಮಾತು ತೆಗೆಯಿರಿ.

ಲೋನ್ ಸ್ಟಾರ್ ಎಂಬ, ಬೆನ್ನ ಮೇಲೆ ಬಿಳಿ ಚುಕ್ಕೆಯ ಉಣುಗು ಇನ್ನೊಂದು ಬಗೆ. ಅದು ಕಚ್ಚಿದ ಕೆಲವರಿಗೆ ಆಲ್ಫಾ-ಗ್ಯಾಲ್ ಅಲರ್ಜಿ ಬರುತ್ತದೆ. ಮಾಂಸದ ಅಲರ್ಜಿ ಎಂದು ಹೆಸರಾದರೂ ಕೆಲವರಿಗೆ ಹಾಲು, ತುಪ್ಪವೂ ಆಗದೆ ಹೋಗುತ್ತದೆ. ಸಸ್ಯಾಹಾರಿಗಳು ತಮಗಲ್ಲವೆಂದು ಬಿಡಬೇಡಿ.

ಕೊನೆಯದಾಗಿ ಊರಿಂದ ಬರುವ ಅಪ್ಪ, ಆಯಿ. ಹೆಚ್ಚಿನವರು ಬರುವುದು ಏಪ್ರಿಲ್‌ನಲ್ಲಿ, ಇರುವುದು ಆರು ತಿಂಗಳು, ಅಂದರೆ ಮರಿ ಉಣುಗಿನ ಕಾಲ ಪೂರ್ತಿ. ಹಗಲು ಮನೆಯಲ್ಲಿ ಯಾರೂ ಇಲ್ಲದಾಗ ಅವರು ಮಾಡುವುದು ಹಿತ್ತಿಲ ಕೆಲಸವೇ: ಬರಿಗಾಲಲ್ಲಿ, ಸೀರೆಯಲ್ಲೋ ಲುಂಗಿಯಲ್ಲೋ, ಅಂಚಿನ ಕಳೆ ಕೀಳುತ್ತ. ಬೇಡ ಅಂದರೆ ಕೇಳುವವರಲ್ಲ. ಔಷಧಿ ಹಾಕಿದ ಬೂಟು, ಉದ್ದ ಕಾಲುಚೀಲ ಬಾಗಿಲಲ್ಲಿಟ್ಟು, ಬಿಸಿಲು ಬೀಳುವ ನಡುವಿನಲ್ಲಿ ಅವರಿಗೊಂದು ತರಕಾರಿ ಪಾತಿ ಮಾಡಿಕೊಡಿ. ಬೆನ್ನು, ತಲೆಯ ಹಿಂಭಾಗ ಅವರಿಗೆ ಕಾಣುವುದಿಲ್ಲ. ಸಂಜೆ ಯಾರಾದರೂ ನೋಡಬೇಕು. ಸಿದ್ದಾಪುರ ಕಡೆಯಿಂದ ಬಂದ ವಾರದೊಳಗೆ ಅವರಿಗೆ ಜೋರು ಜ್ವರ, ತಲೆನೋವು ಬಂದರೆ ಇಲ್ಲಿನ ವೈದ್ಯರಿಗೆ ಕ್ಯಾಸನೂರು ಕಾಡಿನ ಕಾಯಿಲೆಯ ಹೆಸರನ್ನು ನೀವೇ ಹೇಳಬೇಕು, ಅವರಿಗೆ ತಾನಾಗಿ ಹೊಳೆಯುವುದು ಕಷ್ಟ. ಹಾಗೆಯೇ ಅವರು ಊರಿಗೆ ಮರಳಿದ ತಿಂಗಳೊಳಗೆ ಜ್ವರವೋ ಮಚ್ಚೆಯೋ ಕಂಡರೆ ಶಿರಸಿಯ ವೈದ್ಯರಿಗೆ ಲೈಮ್ ಹೆಸರು ಹೇಳಿ, ಕಚ್ಚಿದ ತಾರೀಖು ಬರೆದಿಟ್ಟ ಟೇಪಿನ ಫೋಟೋ ತೋರಿಸಲಿ.