ಕೆಂಪು ಸೊನ್ನೆಗಳ ಕ್ಯಾಲೆಂಡರ್

ಮೇಸ್ತ್ರಿಯ ಹೆಂಡತಿ ಮೊದಲ ಸಲ ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಮುಂಬಯಿಯ ಫೋರ್ಟ್‌ನಲ್ಲಿ ಮೂರು ಜನ ವಕೀಲರು ಹಂಚಿಕೊಂಡಿರುವ ಪುಟ್ಟ ಕೋಣೆ ನಮ್ಮದು. ಬಂದವರು ಬಾಗಿಲ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟರು. ಕುರ್ಚಿ ತೋರಿಸಿದರೂ ಏಳಲಿಲ್ಲ.

ಇಂಡಿ ತಾಲೂಕಿನವರು. ಗಂಡ ನವಿ ಮುಂಬಯಿಯಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಸೈಟಿನಲ್ಲಿ ಪಗಾರದ ಜಗಳ ಆಗಿ ಒಬ್ಬ ಸತ್ತುಹೋಗಿದ್ದ. ಐಪಿಸಿ 304ರ ಎರಡನೇ ಭಾಗದಲ್ಲಿ, ಅಂದರೆ ಕೊಲೆಯಲ್ಲದ ನರಹತ್ಯೆಗೆ, 8 ವರ್ಷ ಶಿಕ್ಷೆ. ಅಪೀಲು ಬಾಂಬೆ ಹೈಕೋರ್ಟಿನಲ್ಲಿ ಸರದಿ ಕಾಯುತ್ತಿತ್ತು. ಅಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟಿದ್ದವು.

‘ಅವ್ರ ಕಾಲು ಬಾತಾವ್ರಿ ಅಕ್ಕಾರ. ಬಟ್ಟಿಲೆ ಒತ್ತಿದ್ರ ಕುಣಿ ಬೀಳ್ತೈತಿ, ಮ್ಯಾಲ ಬರಂಗಿಲ್ಲ,’ ಅಂದರು. ಮುಲಾಖತ್‌ಗೆ (ಜೈಲಿನ ಭೇಟಿಗೆ) ಹೋದಾಗ ಗಾಜಿನ ಆಚೆ ಆತ ಪ್ಯಾಂಟ್ ಮೇಲೆತ್ತಿ, ತಾನೇ ಒತ್ತಿ ತೋರಿಸಿದ್ದನಂತೆ.

ನಾನು ಆಗ ಹತ್ತು ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದೆ. ಮನೆಮಾತು ಕನ್ನಡ, ಬೆಳೆದದ್ದು ಮಾಟುಂಗದಲ್ಲಿ. ಹಾಗಾಗಿ ಉತ್ತರ ಕರ್ನಾಟಕದ ಕೂಲಿಯವರ ಕೇಸುಗಳು ನನ್ನ ಹತ್ತಿರ ಜಾಸ್ತಿ ಬರುತ್ತವೆ. ಎಲ್ಲರೂ ಕೇಳುವುದು ಒಂದೇ: ಪೆರೋಲ್ ಮಾಡಿಸಿಕೊಡಿ. ಈಕೆಯೂ ಅದನ್ನೇ ಕೇಳಿದರು.

ಪೆರೋಲ್ ಅಂದರೆ ಎಣಿಸಿದ ದಿನಗಳ ರಜೆ. ಮುಗಿದ ಮೇಲೆ ವಾಪಸ್ ಹೋಗಲೇಬೇಕು. ‘ಕಾಯಿಲೆ ಬಂತು, ಬಿಡುಗಡೆ’ ಅನ್ನುವ ಒಂದೇ ಬಾಗಿಲು ನಮ್ಮಲ್ಲಿ ಇಲ್ಲ. ಆಸಾಮಿ ಯಾವ ಹಂತದಲ್ಲಿದ್ದಾನೆ ಅನ್ನುವುದರ ಮೇಲೆ ಬಾಗಿಲು ಬದಲಾಗುತ್ತದೆ. ಕೇಸು ಇನ್ನೂ ನಡೆಯುತ್ತಿದ್ದರೆ ಜಾಮೀನು. ಕಾಯಿಲೆಯವರಿಗೆ, ನಿಶ್ಶಕ್ತರಿಗೆ ಜಾಮೀನು ಕೊಡಬಹುದು ಅಂತ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಸಿಆರ್‌ಪಿಸಿಯ 437ರಲ್ಲೇ ಇತ್ತು. 2024ರ ಜುಲೈ 1ರಿಂದ ಅದರ ಬದಲು ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದು 480. ಶಿಕ್ಷೆ ಆಗಿ ಅಪೀಲು ಬಾಕಿ ಇದ್ದರೆ ಶಿಕ್ಷೆಯನ್ನು ತಡೆಹಿಡಿಯಿರಿ ಅಂತ ಕೇಳಬೇಕು. ಅದು ಹಳೆಯ 389, ಈಗಿನ 430. ಅಪೀಲೂ ಮುಗಿದಿದ್ದರೆ ಸರ್ಕಾರವೇ ಶಿಕ್ಷೆ ಕಡಿಮೆ ಮಾಡಬೇಕು. ಅದು ಹಳೆಯ 432, ಈಗಿನ 473. ಇಲ್ಲವಾದರೆ ಸಂವಿಧಾನದ 161ನೇ ವಿಧಿ ಹಿಡಿದು ರಾಜ್ಯಪಾಲರವರೆಗೆ ಹೋಗಬೇಕು. ಸರ್ಕಾರದ ದಾರಿ ತುಂಬಾ ಉದ್ದ. ಫೈಲು ಟೇಬಲ್‌ನಿಂದ ಟೇಬಲ್‌ಗೆ ನಡೆಯುವಷ್ಟು ದಿನ ಕಿಡ್ನಿ ಕಾಯುವುದಿಲ್ಲ.

ಮೇಸ್ತ್ರಿಯದು ಎರಡನೇ ಬಾಗಿಲು. ಅರ್ಜಿ ಬರೆದೆ. ನಾಲ್ಕು ಪುಟ ತುಂಬಾ ಕಾಯಿಲೆ. ಕ್ರಿಯಾಟಿನಿನ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಈ ರೋಗ ಎಷ್ಟು ಭಯಂಕರ, ಎಲ್ಲ. ನನಗೇ ಓದಿ ಕಣ್ಣು ಒದ್ದೆಯಾಗಿತ್ತು.

ಕೋರ್ಟಿಗೆ ಜೈಲಿನಿಂದ ಒಂದು ಸಾಲಿನ ಉತ್ತರ ಬಂತು. ಕೈದಿಯ ಸ್ಥಿತಿ ಸ್ಟೇಬಲ್, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸುತ್ತಿದ್ದೇವೆ ಅಂತ. ನ್ಯಾಯಮೂರ್ತಿಗಳು ನನ್ನನ್ನು ಕೇಳಿದರು: ಹಾಗಾದರೆ ಆತನಿಗೆ ಏನು ಸಿಗುತ್ತಿಲ್ಲ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಸತ್ತವನಿಗೂ ಹೆಂಡತಿ ಮಕ್ಕಳಿದ್ದಾರೆ ಅಂತ ಸರ್ಕಾರಿ ವಕೀಲರು ನೆನಪಿಸಿದರು. ಅದೂ ನಿಜವೇ. ಅರ್ಜಿ ವಜಾ ಆಗುವ ಮೊದಲು, ಮತ್ತೆ ಹಾಕುವ ಅವಕಾಶ ಇಟ್ಟುಕೊಂಡು ಹಿಂದಕ್ಕೆ ತಗೊಂಡೆ. ಲಿಫ್ಟ್ ಹತ್ತಿರ ಆಕೆ ಏನಾಯ್ತು ಅಂತ ಕೇಳಿದಾಗ ಮುಖ ಎತ್ತಿ ನೋಡೋಕೆ ಆಗಲಿಲ್ಲ.

ತಪ್ಪು ನನ್ನದು. ಕಾಯಿಲೆಯ ಹೆಸರು ಎಷ್ಟೇ ದೊಡ್ಡದಿರಲಿ, ಕೋರ್ಟಿಗೆ ಅದು ಹೊಸದಲ್ಲ. ದಿನಕ್ಕೆ ಹತ್ತು ಅರ್ಜಿಯಲ್ಲಿ ಅದೇ ಹೃದಯ, ಅದೇ ಸಕ್ಕರೆ, ಅದೇ ಬಿಪಿ. ಜೈಲಿನಲ್ಲಿ ಕೊಡಬೇಕಾದ ಚಿಕಿತ್ಸೆ ಎಷ್ಟು ಸಲ ತಪ್ಪಿತು, ಯಾವ ತಾರೀಖು, ತಪ್ಪಿದ ಮೇಲೆ ಏನಾಯ್ತು, ಇದನ್ನು ನಾನು ತೋರಿಸಿರಲಿಲ್ಲ. ನನಗೂ ಗೊತ್ತಿರಲಿಲ್ಲ ಅನ್ನಿ.

ಡಯಾಲಿಸಿಸ್ ಅಂದರೆ ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿರಬೇಕು. ಜೈಲಿನೊಳಗೆ ಆ ಯಂತ್ರ ಇಲ್ಲ. ಹೊರಗಿನ ಆಸ್ಪತ್ರೆಗೆ ಹೋಗಬೇಕು. ಹೋಗಬೇಕಾದರೆ ಪೊಲೀಸ್ ಎಸ್ಕಾರ್ಟ್ ಬೇಕು. ಎಸ್ಕಾರ್ಟ್ ಜೈಲಿನವರ ಕೈಯಲ್ಲಿಲ್ಲ, ಪೊಲೀಸ್ ಇಲಾಖೆ ಕಳಿಸಬೇಕು. ಬಂದೋಬಸ್ತ್ ಇದ್ದ ದಿನ ಪೊಲೀಸರು ಅಲ್ಲಿ. ಮಂತ್ರಿ ಬಂದರೂ ಅಲ್ಲಿ, ಗಣಪತಿ ಬಂದರೂ ಅಲ್ಲಿ. ಜೈಲಿನ ಡಾಕ್ಟರು ಚೀಟಿ ಬರೆದಿರುತ್ತಾರೆ, ಆಸ್ಪತ್ರೆಯಲ್ಲಿ ಹಾಸಿಗೆಯೂ ಖಾಲಿ ಇರುತ್ತದೆ, ಕರೆದುಕೊಂಡು ಹೋಗುವವರೇ ಇರುವುದಿಲ್ಲ. ಯಾರನ್ನು ಬೈಯೋದು?

ಆಕೆಯ ತಮ್ಮನ ಖೋಲಿಯ ಗೋಡೆಯ ಮೇಲೆ ಒಂದು ಕಾಲನಿರ್ಣಯ ಕ್ಯಾಲೆಂಡರ್ ಇತ್ತು. ಸೋಮ, ಬುಧ, ಶುಕ್ರ ಡಯಾಲಿಸಿಸ್. ಗಂಡ ಜೈಲಿನ ಫೋನಿನಿಂದ ಮಾತಾಡಿದಾಗಲೆಲ್ಲ, ಮುಲಾಖತ್‌ಗೆ ಹೋದಾಗಲೆಲ್ಲ ಕೇಳಿ ಬರೆದಿಡಿ ಅಂದೆ. ಆಕೆಗೆ ಓದು ಬರಹ ಅಷ್ಟಕ್ಕಷ್ಟೆ. ತಮ್ಮನ ಮಗಳ ಸ್ಕೆಚ್ ಪೆನ್ ತಗೊಂಡು ತಾನೇ ಒಂದು ಲೆಕ್ಕ ಮಾಡಿಕೊಂಡರು. ಹೋಗಿದ್ದರೆ ನೀಲಿ ಗೆರೆ. ತಪ್ಪಿದ್ದರೆ ಕೆಂಪು ಸೊನ್ನೆ. ರಾತ್ರಿ ಉಸಿರಾಟದ ತೊಂದರೆ ಆಗಿ ಅಡ್ಮಿಟ್ ಮಾಡಿದ್ದರೆ ಸೊನ್ನೆಯ ಪಕ್ಕ ಒಂದು ಚುಕ್ಕೆ.

14 ವಾರ ಹೀಗೆ ನಡೆಯಿತು. 42 ಸಲ ಆಗಬೇಕಿತ್ತು, ಆದದ್ದು 27. ಹದಿನೈದು ಸೊನ್ನೆ. ಗಣಪತಿಯ 11 ದಿನದಲ್ಲೇ ನಾಲ್ಕು. ಎರಡು ಚುಕ್ಕೆ, ಎರಡೂ ಸಾಲು ಸೊನ್ನೆಗಳ ಮಾರನೆ ದಿನ.

ಕ್ಯಾಲೆಂಡರ್ ಒಂದೇ ಸಾಲದು. ಹೆಂಡತಿ ಬರೆದದ್ದು, ಯಾರು ನಂಬುತ್ತಾರೆ? ಹಾಗಾಗಿ ಮೇಸ್ತ್ರಿಯ ಸಹಿ ತರಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಸಾಮಾನ್ಯವಾಗಿ 30 ದಿನ ಅಂತಾರೆ. ಆದರೆ ಕೇಳಿದ ಮಾಹಿತಿ ಒಬ್ಬರ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯಲ್ಲಿ ಕೊಡಬೇಕು ಅಂತ ಆ ಕಾಯ್ದೆಯ 7ನೇ ಕಲಮಿನಲ್ಲೇ ಇದೆ. ಅರ್ಜಿಯ ತಲೆಯಲ್ಲೇ ದೊಡ್ಡದಾಗಿ ಅದನ್ನು ಬರೆದೆ. 48 ಗಂಟೆಯಲ್ಲಿ ಬರಲಿಲ್ಲ, ಒಂಬತ್ತನೇ ದಿನ ಬಂತು. ಬಂತಲ್ಲ, ಸಾಕು. ಡಯಾಲಿಸಿಸ್ ಆದ ದಿನಗಳು ಆಕೆಯ ನೀಲಿ ಗೆರೆಗಳ ಜೊತೆ ಒಂದೂ ಬಿಡದೆ ಹೊಂದಿದವು.

ಈ ಮಧ್ಯೆ ಇನ್ನೊಂದು ಕೇಸು ಹೇಳಲೇಬೇಕು. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಒಬ್ಬ ವಿಚಾರಣಾಧೀನ ಕೈದಿ, ಕಲಬುರಗಿ ಕಡೆಯವರು. ಕಕ್ಕಸಿಗೆ ಹೋಗಬೇಕಾದರೆ ಬ್ಯಾರಕಿನ ಇಬ್ಬರು ಹುಡುಗರು ಎತ್ತಿಕೊಂಡು ಹೋಗಬೇಕಿತ್ತು. ಆ ಹುಡುಗರಿಗೆ ಜಾಮೀನು ಸಿಕ್ಕಿದ ದಿನ ಇವರು ಅತ್ತಿದ್ದರಂತೆ. ಅವರ ಅರ್ಜಿ ಮೂರನೇ ತಾರೀಖಿಗೆ ಇತ್ತು. ಎರಡು ದಿನ ಮೊದಲು ಹೋಗಿಬಿಟ್ಟರು. ಕೋರ್ಟಿನಲ್ಲಿ ಎದ್ದು ನಿಂತು ಅರ್ಜಿದಾರ ತೀರಿಕೊಂಡಿದ್ದಾರೆ ಅಂದೆ, ಅರ್ಜಿ ವಿಲೇವಾರಿ ಆಯಿತು. ಒಂದು ನಿಮಿಷವೂ ಹಿಡಿಯಲಿಲ್ಲ.

ಈ ಊರಿನ ವಕೀಲರಿಗೆ ಸ್ಟ್ಯಾನ್ ಸ್ವಾಮಿಯವರ ನೆನಪು ಮಾಸುವುದಿಲ್ಲ. ಒಂದು ಕಾಲದಲ್ಲಿ ಬೆಂಗಳೂರಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದ ಪಾದ್ರಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಜೈಲು ಸೇರಿದ್ದರು. ಪಾರ್ಕಿನ್ಸನ್ ಇದ್ದು ಕೈ ನಡುಗುತ್ತಿತ್ತು. ನೀರು ಕುಡಿಯೋಕೆ ಸಿಪ್ಪರ್ ಕಪ್ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ಹೈಕೋರ್ಟಿನಲ್ಲಿ ಅವರ ಜಾಮೀನಿನ ವಿಷಯ ಬಂದಾಗ ಡಾಕ್ಟರೇ ಅವರು ತೀರಿಕೊಂಡ ಸುದ್ದಿ ತಿಳಿಸಿದರು. ಅದೇ ಪ್ರಕರಣದ ತೆಲುಗು ಕವಿ ವರವರ ರಾವ್ ಅವರಿಗೆ ಆ ವರ್ಷದ ಫೆಬ್ರವರಿಯಲ್ಲಿ ಹೈಕೋರ್ಟು ಆರು ತಿಂಗಳ ಜಾಮೀನು ಕೊಟ್ಟಿತ್ತು. ಆದರೆ ಮುಂಬಯಿ ಬಿಟ್ಟು ಹೋಗುವ ಹಾಗಿಲ್ಲ ಅಂತ ಷರತ್ತು. ಮನೆ ಇದ್ದದ್ದು ಹೈದರಾಬಾದಿನಲ್ಲಿ. ಆ ಆದೇಶ ನಾನು ಓದಿದ್ದೆ. ಓದಿಯೂ ಪಾಠ ಕಲಿತಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಎರಡನೇ ಅರ್ಜಿಯಲ್ಲಿ ಕಾಯಿಲೆಗೆ ಅರ್ಧ ಪುಟ. ಉಳಿದದ್ದೆಲ್ಲ ತಾರೀಖು. ಟೈಪ್ ಮಾಡಿದ ಪಟ್ಟಿಯ ಹಿಂದೆ ಆ ಕ್ಯಾಲೆಂಡರ್ ಹಾಳೆಗಳ ಕಲರ್ ಜೆರಾಕ್ಸ್. ಜೊತೆಗೆ ವೈದ್ಯರ ಮಂಡಳಿಯಿಂದ ತಪಾಸಣೆ ಮಾಡಿಸಿ ಅಂತ ಕೇಳಿದೆ. ಸುಮ್ನೆ ‘ತಪಾಸಣೆ ಮಾಡಿ ವರದಿ ಕೊಡಿ’ ಅಂದರೆ ಮತ್ತೆ ‘ಸ್ಟೇಬಲ್’ ಅಂತಲೇ ಬರುತ್ತದೆ. ಮಲಗಿದಲ್ಲೇ ಇರುವವನೂ ಒಂದರ್ಥದಲ್ಲಿ ಸ್ಟೇಬಲ್ ತಾನೆ. ಅದಕ್ಕೆ ಪ್ರಶ್ನೆಗಳನ್ನು ನಾನೇ ಬರೆದುಕೊಟ್ಟೆ. ವಾರಕ್ಕೆ ಎಷ್ಟು ಸಲ ಆಸ್ಪತ್ರೆ ಬೇಕು? ಒಂದು ಸಲ ತಪ್ಪಿದರೆ ಏನಾಗುತ್ತದೆ? ಸಾಲಾಗಿ ಎರಡು ತಪ್ಪಿದರೆ? ಈ ಚಿಕಿತ್ಸೆ ಜೈಲಿನೊಳಗೆ ಕೊಡಬಹುದೇ? ಊಟದಲ್ಲಿ ಉಪ್ಪು, ನೀರು ಅಳೆದು ಕೊಡುವ ವ್ಯವಸ್ಥೆ ಇದೆಯೇ?

ಕೋರ್ಟು ಪ್ರಶ್ನೆಗಳನ್ನು ಹಾಗೇ ಮಂಡಳಿಗೆ ಕಳಿಸಿತು. ಪ್ರತಿ ತಾರೀಖಿಗೂ ಉತ್ತರ ಕೊಡಿ ಅಂತ ಜೈಲಿಗೂ ಹೇಳಿತು. ಜೈಲಿನ ಅಧಿಕಾರಿ ಪಾಪ, ಸುಳ್ಳು ಬರೆಯಲಿಲ್ಲ. ಹದಿನೈದರಲ್ಲಿ ಹದಿಮೂರು ಸಲ ಎಸ್ಕಾರ್ಟ್ ಸಿಗಲಿಲ್ಲ ಅಂತ ಅಫಿಡವಿಟ್ ಹಾಕಿದರು. ಸಾಲಾಗಿ ಎರಡು ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು ಅಂತ ಮಂಡಳಿ ಬರೆಯಿತು. ಅವತ್ತು ನಾನು ಜಾಸ್ತಿ ಮಾತಾಡಲೇ ಇಲ್ಲ. ಆರು ತಿಂಗಳ ಮಟ್ಟಿಗೆ ಶಿಕ್ಷೆ ತಡೆಹಿಡಿದು ಆದೇಶ ಆಯಿತು.

ಆದೇಶ ಆದ ದಿನವೇ ಮನುಷ್ಯ ಹೊರಗೆ ಬರುತ್ತಾನೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಮೇಸ್ತ್ರಿಗೆ ಆರು ದಿನ ಹಿಡಿಯಿತು. ಜಾಮೀನುದಾರನ ರೇಷನ್ ಕಾರ್ಡು ಕರ್ನಾಟಕದ್ದು, ಅದು ನಡೆಯಲಿಲ್ಲ. ಸದ್ಯಕ್ಕೆ ನಗದು ಕಟ್ಟಿ ಬಿಡಿಸಿ, ಜಾಮೀನುದಾರನಿಗೆ ನಾಲ್ಕು ವಾರ ಸಮಯ ಕೇಳುವ ಪದ್ಧತಿ ಮುಂಬಯಿಯಲ್ಲಿದೆ. ಅದನ್ನು ಮೊದಲ ದಿನವೇ ಕೇಳಿದ್ದರೆ ಮೂರು ದಿನ ಉಳಿಯುತ್ತಿತ್ತು. ಜಾಮೀನು ಸಿಕ್ಕಿ ಏಳು ದಿನ ಆದರೂ ಹೊರಗೆ ಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಗೆ ದುಡ್ಡಿಲ್ಲದವರು ಇದೇ ಪ್ರಾಧಿಕಾರಕ್ಕೆ ಹೋಗಬೇಕು. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡಬೇಕು. ಫೋನ್ ನಂಬರ್ 15100. ವಯಸ್ಸಾದ, ಗುಣವಾಗದ ಕಾಯಿಲೆಯ ಕೈದಿಗಳಿಗಾಗಿ 2024ರ ಡಿಸೆಂಬರ್ 10ರಿಂದ ರಾಷ್ಟ್ರೀಯ ಪ್ರಾಧಿಕಾರ ಮೂರು ತಿಂಗಳ ಅಭಿಯಾನವನ್ನೂ ನಡೆಸಿತ್ತು.

ಬಿಡುಗಡೆಯ ಮಾರನೆ ದಿನ ಡಯಾಲಿಸಿಸ್ ಎಲ್ಲಿ? ಇದನ್ನು ಅರ್ಜಿ ಹಾಕುವ ಮೊದಲೇ ಗೊತ್ತು ಮಾಡಿಕೊಳ್ಳಿ. ನಾನು ಒಂದು ಚಾರಿಟಿ ಆಸ್ಪತ್ರೆ ಹಿಡಿದಿದ್ದೆ. ಮಹಾರಾಷ್ಟ್ರದಲ್ಲಿ ಟ್ರಸ್ಟ್ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಇನ್ನೊಂದು ಶೇ. 10ರಷ್ಟು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಹಾಸಿಗೆ ಸಿಕ್ಕಿತು, ಆದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟ್ ಇಲ್ಲದೆ ಯಂತ್ರಕ್ಕೆ ಹಾಕುವುದಿಲ್ಲ ಅಂದರು. ರಿಪೋರ್ಟು ಜೈಲಿನ ಫೈಲಿನಲ್ಲಿ. ಭಾನುವಾರ ಬೇರೆ. ನನ್ನ ಜೂನಿಯರ್ ಲ್ಯಾಬ್ ಹುಡುಕಿ ಮತ್ತೆ ರಕ್ತ ಕೊಡಿಸಿದಳು. ಜೈಲಿನಿಂದ ಹೊರಡುವಾಗಲೇ ಪೂರ್ತಿ ಫೈಲಿನ ಜೆರಾಕ್ಸ್ ಕೇಳಿ, ಒಣ ತೂಕ (ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ) ಎಷ್ಟು ಅಂತಲೂ ಬರೆಸಿಕೊಳ್ಳಿ.

ಈಗ ನಾನು ಕಲಿಯದ ಪಾಠ. ಆದೇಶದಲ್ಲಿ ಎರಡು ಷರತ್ತು ಇದ್ದವು. ಮುಂಬಯಿ, ಠಾಣೆ, ರಾಯಗಡ ಜಿಲ್ಲೆಗಳನ್ನು ಬಿಟ್ಟು ಹೋಗಬಾರದು. ತಿಂಗಳ ಮೊದಲ ಸೋಮವಾರ ಪೊಲೀಸ್ ಠಾಣೆಯಲ್ಲಿ ಸಹಿ ಹಾಕಬೇಕು. ಸೋಮವಾರ ಡಯಾಲಿಸಿಸ್! ಮೇಸ್ತ್ರಿಯ ಮನೆ, ಮಕ್ಕಳು, ತಾಯಿ ಎಲ್ಲ ಇಂಡಿಯಲ್ಲಿ. ಇಲ್ಲಿ ಭಾವಮೈದನ ಹತ್ತಡಿ ಖೋಲಿಯಲ್ಲಿ ಆರು ಜನ, ಸಾರ್ವಜನಿಕ ಕಕ್ಕಸು ನೂರು ಹೆಜ್ಜೆ ದೂರ. ಊರಿಗೆ ಹೋಗಲು ಬಿಡಿ ಅಂತ ಅರ್ಜಿಯಲ್ಲಿ ನಾನು ಕೇಳಿಯೇ ಇರಲಿಲ್ಲ. ಕೇಳದ್ದನ್ನು ಕೋರ್ಟು ಕೊಡುವುದಿಲ್ಲ.

ಮತ್ತೆ ಅರ್ಜಿ. ಇಂಡಿ ಪೊಲೀಸರು ವಿಳಾಸ ನೋಡಿ ಕನ್ನಡದಲ್ಲಿ ವರದಿ ಬರೆದರು, ಅದನ್ನು ಇಂಗ್ಲಿಷಿಗೆ ಮಾಡಿಸಿ ಕೊಟ್ಟೆ. ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಜಾಗ ಇದೆ ಅಂತ ಪತ್ರವನ್ನೂ ತರಿಸಿದೆ. ಎರಡು ತಿಂಗಳ ಮೇಲೆ ಮೇಸ್ತ್ರಿ ಊರು ಸೇರಿದ. ಈಗ ಸಹಿ ಅಲ್ಲಿಯ ಠಾಣೆಯಲ್ಲೇ, ಮಂಗಳವಾರ.

ಆರು ತಿಂಗಳಿಗೊಮ್ಮೆ ಅವಧಿ ಮುಂದುವರಿಸಿಕೊಳ್ಳಬೇಕು. ಅದಕ್ಕೆ ಕ್ಯಾಲೆಂಡರ್ ನಿಲ್ಲಿಸಬೇಡಿ ಅಂತ ಹೇಳಿದ್ದೇನೆ. ತಿಂಗಳ ಕೊನೆಗೆ ಆಕೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾರೆ. ಸಾಲು ಸಾಲು ನೀಲಿ ಗೆರೆ. ಕಳೆದ ತಿಂಗಳು ನಡುವೆ ಒಂದು ಕೆಂಪು ಸೊನ್ನೆ ಇತ್ತು. ಎದೆ ಧಸಕ್ಕೆಂದು ತಕ್ಷಣ ಫೋನ್ ಮಾಡಿದೆ.

‘ಜಾತ್ರಿ ಇತ್ರಿ ಅಕ್ಕಾರ,’ ಅಂದರು.

ಇಬ್ಬರಿಗೂ ಚೆನ್ನಾಗಿ ಬೈದೆ. ಮುಂದಿನ ವಾರ ತಾರೀಖು ಇದೆ, ಆ ಸೊನ್ನೆಗೂ ಅಫಿಡವಿಟ್‌ನಲ್ಲಿ ಒಂದು ಸಾಲು ಬರೆಯಬೇಕು.