ಅಡಿಕೆ ಸುಲಿಯುವ ಜಗಲಿಯಲ್ಲಿ ಒಂದು ಜಾಗ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿರುವ ನನಗೆ, ಮಾನಸಿಕ ಅಂಗವೈಕಲ್ಯವುಳ್ಳ ಮಕ್ಕಳನ್ನು ಊರಿನೊಳಗೆ ಬೆರೆಸುವಾಗ ಜನರ ತಾತ್ಸಾರಕ್ಕಿಂತ ಮೊದಲು ಎದುರಾಗುವುದು ಮನೆಮನೆಗಳ ನಡುವಿನ ದೂರ. ತೋಟದಂಚಿನ ಒಂಟಿ ಮನೆಯ ಮಗು ಮಳೆಗಾಲದಲ್ಲಂತೂ ಮನೆಯವರನ್ನು ಬಿಟ್ಟರೆ ಬೇರೆ ಮುಖವನ್ನೇ ಕಾಣುವುದಿಲ್ಲ. ಹೀಗಾಗಿ ಹೊಸ ಕಾರ್ಯಕ್ರಮ ಏರ್ಪಡಿಸುವ ಬದಲು, ಜನ ಹೇಗೂ ಸೇರುವ ಕಡೆಯಲ್ಲೇ ಮಗುವಿಗೆ ಜಾಗ ಮಾಡುವ ಕ್ರಮ ಇಟ್ಟುಕೊಂಡಿದ್ದೇನೆ.

ಆಟಿಸಂ ಜೊತೆಗೆ ತೀವ್ರ ಆತಂಕವೂ ಇದ್ದ ಹುಡುಗನೊಬ್ಬ ಬಿಸಿಯೂಟದ ಹೊತ್ತಿಗೆ ಕಿವಿ ಮುಚ್ಚಿಕೊಂಡು ಶಾಲೆಯಿಂದ ಓಡಿಬಿಡುತ್ತಿದ್ದ. ಎಲ್ಲರೂ ಅದನ್ನು ಹಠವೆಂದುಕೊಂಡಿದ್ದರು. ದೂರ ನಿಂತು ಗಮನಿಸಿದಾಗ, ಸ್ಟೀಲ್ ತಟ್ಟೆಗಳು ಸಿಮೆಂಟ್ ನೆಲಕ್ಕೆ ಬಡಿಯುವ ಸದ್ದು ಶುರುವಾದೊಡನೆ ಅವನು ಏಳುತ್ತಿದ್ದುದು ಕಂಡಿತು. ಗಂಟೆ ಹೊಡೆಯುವ ಮೊದಲೇ ಇಬ್ಬರು ಸಹಪಾಠಿಗಳೊಂದಿಗೆ ಅಡುಗೆಕೋಣೆಯ ಹೊರಗಿನ ಕಟ್ಟೆಯಲ್ಲಿ ಅವನಿಗೆ ಬಡಿಸುವಂತೆ ಕೇಳಿಕೊಂಡೆ. ಒಬ್ಬನಿಗೆ ಮಾಡಿದರೆ ಎಲ್ಲರೂ ಕೇಳುತ್ತಾರೆಂದು ಮೇಷ್ಟ್ರು ಅನುಮಾನಿಸಿದರು. ಕೇಳಿದ್ದು ನಿಜ: ಅವನ ಪಕ್ಕ ಕೂರಲು ಮಕ್ಕಳು ಸರದಿ ಕೇಳತೊಡಗಿದರು.

ನೆರೆಯವರೆಲ್ಲ ಜಗಲಿಯಲ್ಲಿ ಸೇರುವ ಅಡಿಕೆ ಸುಲಿತಕ್ಕೆ ಅವನನ್ನು ಕರೆತರಲು ತಾಯಿ ಅಂಜಿದರು. ಅವರ ಒಪ್ಪಿಗೆ ಪಡೆದು, ಕಾಯಿಲೆಯ ಹೆಸರೆತ್ತದೆ, ನೆರೆಯವರಿಗೆ ಮೊದಲೇ ಹೇಳಿದೆ: ಹೆಸರು ಕರೆದ ಮೇಲೆ ಉತ್ತರಕ್ಕೆ ಕಾಯಿರಿ, ಕೈ ಹಿಡಿದು ಎಳೆಯಬೇಡಿ, ಎದ್ದು ಹೋದರೆ ತಡೆಯಬೇಡಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಗಳಿಂದ ದೂರ, ಒಳಮನೆಯ ಬಾಗಿಲ ಬಳಿ ಕುಳಿತು, ಉಳಿದವರು ಸುಲಿದ ಅಡಿಕೆಯನ್ನು ಅವನು ಬುಟ್ಟಿಗೆ ತುಂಬುತ್ತಿದ್ದ. ಇದನ್ನು ದುಡಿಮೆಯೆಂದು ಎಣಿಸಬಾರದು. ಸುಲಿತದ ಹರಟೆಯ ನಡುವೆ ಅವನೂ ಕುಳಿತಿರಲೆಂಬುದಷ್ಟೇ ಉದ್ದೇಶ.

ಮಾತ್ರೆ ಬೇಕಾದ ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಕ್ಕೆ ಕಳಿಸುತ್ತೇನೆ. ದೇವರ ಹರಕೆಯನ್ನು ನಾನು ವಿರೋಧಿಸುವುದಿಲ್ಲ, ಹರಕೆಯೂ ನಡೆಯಲಿ, ಮಾತ್ರೆಯೂ ತಪ್ಪದಿರಲಿ ಎನ್ನುತ್ತೇನೆ.

ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಅದರ 31ನೇ ಕಲಮು ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹೀಗಿದ್ದೂ ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಮೀಸಲಾದ ಶೇ 5ರ ಹಣದ ಮಾತು ಬಂದಾಗ ಕಣ್ಣಿಗೆ ಕಾಣುವ ವೈಕಲ್ಯವೇ ಮೊದಲು ನೆನಪಾಗುತ್ತದೆ. ಈ ಸಲದ ಗ್ರಾಮಸಭೆಗೆ, ಆಸ್ಪತ್ರೆಗೆ ಹೋಗಿಬರುವ ಇಂಥ ಮಕ್ಕಳ ಜೀಪಿನ ಬಾಡಿಗೆಯನ್ನು ಅದರಲ್ಲೇ ಭರಿಸಬೇಕೆಂದು ತಾಯಂದಿರಿಂದಲೇ ಅರ್ಜಿ ಬರೆಸಿದ್ದೇನೆ.